ಬಾದಾಮಿ, ಅಕ್ರೋಟು, ಗೋಡಂಬಿ, ಕಡಲೆಕಾಯಿ: ಪೋಷಕಾಂಶಗಳ ಪಟ್ಟಿಯನ್ನು ನಂಬಿ ಆರಿಸಬಹುದೇ?

ಸಂಜೆಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಮನೆಯವರೆಲ್ಲರೂ ದಿನಕ್ಕೊಂದು ಹಿಡಿ ನಟ್ಸ್ ತಿನ್ನುವ ಅಭ್ಯಾಸ ಮಾಡಿಕೊಳ್ಳಬೇಕೆಂದು ತೀರ್ಮಾನಿಸಿದ್ದೇವೆ. ಯಾವುದು ಉತ್ತಮ ಎಂದು ತಿಳಿಯಲು ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದಿಂದ 100 ಗ್ರಾಂ ಲೆಕ್ಕದಲ್ಲಿ ಈ ಪಟ್ಟಿಯನ್ನು ಬರೆದುಕೊಂಡೆ.

ಬಾದಾಮಿ: 579 ಕ್ಯಾಲೊರಿ, ಪ್ರೋಟೀನ್ 21 ಗ್ರಾಂ, ಕೊಬ್ಬು 50 ಗ್ರಾಂ, ನಾರು 12.5 ಗ್ರಾಂ
ಅಕ್ರೋಟು: 654 ಕ್ಯಾಲೊರಿ, ಪ್ರೋಟೀನ್ 15, ಕೊಬ್ಬು 65, ನಾರು 6.7
ಗೋಡಂಬಿ: 553 ಕ್ಯಾಲೊರಿ, ಪ್ರೋಟೀನ್ 18, ಕೊಬ್ಬು 44, ನಾರು 3.3
ಪಿಸ್ತಾ: 560 ಕ್ಯಾಲೊರಿ, ಪ್ರೋಟೀನ್ 20, ಕೊಬ್ಬು 45, ನಾರು 10.6
ಹೇಝಲ್‌ನಟ್: 628 ಕ್ಯಾಲೊರಿ, ಪ್ರೋಟೀನ್ 15, ಕೊಬ್ಬು 61, ನಾರು 9.7
ಮಕಡೇಮಿಯಾ: 718 ಕ್ಯಾಲೊರಿ, ಪ್ರೋಟೀನ್ 8, ಕೊಬ್ಬು 76, ನಾರು 8.6
ಕಡಲೆಕಾಯಿ: 567 ಕ್ಯಾಲೊರಿ, ಪ್ರೋಟೀನ್ 26, ಕೊಬ್ಬು 49, ನಾರು 8.5

ಪಟ್ಟಿ ಬರೆದ ಮೇಲೆ ಗೊಂದಲ ಇನ್ನಷ್ಟು ಹೆಚ್ಚಿತು. ಇವುಗಳಲ್ಲಿ ಗೋಡಂಬಿಗೇ ಕ್ಯಾಲೊರಿ ಕಡಿಮೆ, ಕೊಬ್ಬೂ ಕಡಿಮೆ. ಆದರೂ ಹೃದಯದ ವಿಷಯ ಬಂದಾಗ ಎಲ್ಲರೂ ಅದನ್ನೇ ದೂರುತ್ತಾರೆ, ಅದಕ್ಕಿಂತ 100 ಕ್ಯಾಲೊರಿ ಹೆಚ್ಚಿರುವ ಅಕ್ರೋಟನ್ನು ಹೊಗಳುತ್ತಾರೆ. ನನ್ನ ಯಜಮಾನರಿಗೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಸ್ವಲ್ಪ ಜಾಸ್ತಿ ಇದೆ. ಅತ್ತೆಯವರಿಗೆ ಹಿಂದೆ ಮೂತ್ರಪಿಂಡದಲ್ಲಿ ಕಲ್ಲು ಆಗಿತ್ತು. ಮಗುವಿಗೆ ಮೂರು ವರ್ಷ. ಎಲ್ಲರಿಗೂ ಒಗ್ಗುವ ಒಂದೇ ಬೀಜವನ್ನು ಹೇಳಬಲ್ಲಿರಾ?

ಅಳತೆಗೋಲು:

ಪಟ್ಟಿಯಲ್ಲಿರುವ ಸಂಖ್ಯೆಗಳು ಸರಿಯಾಗಿವೆ. ಆದರೆ ಅವು ಬೀಜದಲ್ಲಿ ಏನಿದೆ ಎಂಬುದನ್ನು ಹೇಳುತ್ತವೆಯೇ ಹೊರತು ನಮ್ಮ ಮೈಗೆ ಎಷ್ಟು ಹತ್ತುತ್ತದೆ ಎಂಬುದನ್ನಲ್ಲ. ನಟ್ಸ್ ವಿಷಯದಲ್ಲಿ ಈ ಎರಡರ ನಡುವಿನ ಅಂತರ ಬೇರೆ ಬಹಳಷ್ಟು ಆಹಾರಗಳಿಗಿಂತ ಹೆಚ್ಚು.

ಆಹಾರದ ಕ್ಯಾಲೊರಿಯನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಟ್‌ವಾಟರ್ ಎಂಬ ರಸಾಯನಶಾಸ್ತ್ರಜ್ಞರು ರೂಪಿಸಿದ ಪದ್ಧತಿಯಿಂದ. ಪ್ರೋಟೀನ್ ಮತ್ತು ಪಿಷ್ಟಕ್ಕೆ ಗ್ರಾಮಿಗೆ ಸುಮಾರು 4, ಕೊಬ್ಬಿಗೆ ಸುಮಾರು 9 ಎಂದು ಗುಣಿಸಿ ಕೂಡಿಸಿದರೆ ಲೆಕ್ಕ ಮುಗಿಯಿತು. ತಿಂದ ಕೊಬ್ಬೆಲ್ಲ ಹೆಚ್ಚುಕಡಿಮೆ ಪೂರ್ತಿ ಜೀರ್ಣವಾಗುತ್ತದೆ ಎಂಬ ಊಹೆ ಇದರ ಹಿಂದಿದೆ. ಬಾದಾಮಿಯಲ್ಲಿ ಈ ಊಹೆ ನಿಲ್ಲುವುದಿಲ್ಲ. ಬಾದಾಮಿಯ ಎಣ್ಣೆ ಸಣ್ಣ ಸಣ್ಣ ಕೋಶಗಳೊಳಗೆ ತುಂಬಿಕೊಂಡಿರುತ್ತದೆ, ಆ ಕೋಶಗಳ ಗೋಡೆ ನಾರಿನದು, ಮತ್ತು ಆ ನಾರನ್ನು ಕರಗಿಸುವ ಕಿಣ್ವ ಮನುಷ್ಯನ ಜಠರದಲ್ಲಾಗಲಿ ಸಣ್ಣ ಕರುಳಿನಲ್ಲಾಗಲಿ ಇಲ್ಲ. ಎಷ್ಟೇ ಅಗಿದರೂ ಬಾಯಲ್ಲಿ ಉಳಿಯುವುದು ರವೆಯಂತಹ ಚೂರುಗಳು. ಒಂದೊಂದು ಚೂರಿನ ಹೊರಮೈಯಲ್ಲಿರುವ ಕೋಶಗಳಷ್ಟೇ ಒಡೆದಿರುತ್ತವೆ, ಒಳಗಿನವು ಎಣ್ಣೆಯನ್ನು ಹಿಡಿದುಕೊಂಡೇ ದೊಡ್ಡ ಕರುಳಿನವರೆಗೆ ಹೋಗುತ್ತವೆ, ಅಲ್ಲಿಂದ ಒಂದಷ್ಟು ಭಾಗ ಮಲದೊಂದಿಗೆ ಹೊರಬೀಳುತ್ತದೆ.

ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳೇ ಇದನ್ನು ಅಳೆದಿದ್ದಾರೆ. ಸ್ವಯಂಸೇವಕರಿಗೆ ಲೆಕ್ಕದ ಊಟ ಕೊಟ್ಟು, ತಿಂದದ್ದನ್ನೂ ಹೊರಹೋದದ್ದನ್ನೂ ತೂಗಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 28 ಗ್ರಾಂ ಇಡೀ ಬಾದಾಮಿಯಿಂದ ದೇಹಕ್ಕೆ ದೊರೆತದ್ದು ಸುಮಾರು 129 ಕ್ಯಾಲೊರಿ, ಹಳೆಯ ಲೆಕ್ಕ ಹೇಳುತ್ತಿದ್ದದ್ದು ಸುಮಾರು 170. ಅದೇ ವಿಧಾನದಲ್ಲಿ ಆಮೇಲೆ ಅಳೆದಾಗ ಅಕ್ರೋಟಿನಲ್ಲಿ ಲೆಕ್ಕಕ್ಕಿಂತ ಸುಮಾರು 21 ಶೇಕಡ, ಗೋಡಂಬಿಯಲ್ಲಿ ಸುಮಾರು 16 ಶೇಕಡ ಕಡಿಮೆ ಕಂಡುಬಂದಿತು. ಪಿಸ್ತಾದಲ್ಲಿ ವ್ಯತ್ಯಾಸ ಶೇಕಡ 5ರಷ್ಟು ಮಾತ್ರ. ಈ ಅಳತೆಗಳನ್ನು ಹಿಡಿದರೆ 28 ಗ್ರಾಂ ಅಕ್ರೋಟಿನ ಪಾಲು 146 ಕ್ಯಾಲೊರಿ, ಗೋಡಂಬಿಯದು 137. ನಿಮ್ಮ ಪಟ್ಟಿಯಲ್ಲಿ ಬಾದಾಮಿಗಿಂತ ಕೆಳಗಿದ್ದ ಗೋಡಂಬಿ ಈಗ ಬಾದಾಮಿಯ ಮೇಲೆ ಬಂದಿತು, ಅಕ್ರೋಟು ಮತ್ತು ಗೋಡಂಬಿಯ ನಡುವಿನ ದೊಡ್ಡ ಅಂತರ ಒಂದು ತುತ್ತಿಗಿಂತ ಕಡಿಮೆಯಾಯಿತು.

ಇನ್ನೊಂದು ಮಾತು. ಈ ಉಳಿತಾಯ ಬೀಜವನ್ನು ಇಡಿಯಾಗಿ ಅಗಿದು ತಿಂದಾಗ ಮಾತ್ರ. ಬಾದಾಮಿಯನ್ನು ನುಣ್ಣಗೆ ಅರೆದು ಬೆಣ್ಣೆಯಂತೆ ಮಾಡಿ ಕೊಟ್ಟ ಮುಂದಿನ ಪ್ರಯೋಗದಲ್ಲಿ ಹಳೆಯ ಲೆಕ್ಕವೇ ಸರಿಹೋಯಿತು, ಏಕೆಂದರೆ ಗೋಡೆಗಳನ್ನು ಯಂತ್ರವೇ ಒಡೆದಿತ್ತು.

ಪಥ್ಯಾಪಥ್ಯ:

ಅಳತೆಗೋಲು ಅವರು ಕ್ಯಾಲೊರಿಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಎಲ್‌ಡಿಎಲ್ ಹೆಚ್ಚಿರುವವರು ನೋಡಬೇಕಾದದ್ದು ಒಟ್ಟು ಕೊಬ್ಬನ್ನಲ್ಲ, ಕೊಬ್ಬಿನ ಬಗೆಯನ್ನು. ಎಲ್‌ಡಿಎಲ್ ಏರಿಸುವುದು ಮುಖ್ಯವಾಗಿ ಪರ್ಯಾಪ್ತ ಕೊಬ್ಬು, ಅಂದರೆ ಸ್ಯಾಚುರೇಟೆಡ್ ಫ್ಯಾಟ್. ನಿಮ್ಮ ಪಟ್ಟಿಯ ಬೀಜಗಳಿಗೆ ಆ ಒಂದು ಅಂಕಣ ಸೇರಿಸಿಕೊಳ್ಳಿ: 100 ಗ್ರಾಂ ಬಾದಾಮಿಯಲ್ಲಿ ಸುಮಾರು 4 ಗ್ರಾಂ, ಹೇಝಲ್‌ನಟ್‌ನಲ್ಲಿ 4.5, ಪಿಸ್ತಾ ಮತ್ತು ಅಕ್ರೋಟಿನಲ್ಲಿ ಸುಮಾರು 6, ಗೋಡಂಬಿಯಲ್ಲಿ ಸುಮಾರು 8, ಮಕಡೇಮಿಯಾದಲ್ಲಿ 12. ನಿಮ್ಮ ಪಟ್ಟಿಯಲ್ಲಿಲ್ಲದ ಬ್ರೆಜಿಲ್ ನಟ್‌ನಲ್ಲಿ 15ಕ್ಕೂ ಮೇಲೆ.

ಗೋಡಂಬಿಗೆ ಕೆಟ್ಟ ಹೆಸರು ಅಂಟಿಕೊಳ್ಳಲು ಒಂದು ಕಾರಣ ಇಲ್ಲಿದೆ. 2003ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು, ದಿನಕ್ಕೆ 42 ಗ್ರಾಂನಷ್ಟು ನಟ್ಸ್ ತಿಂದರೆ ಹೃದ್ರೋಗದ ಅಪಾಯ ಕಡಿಮೆಯಾಗಬಹುದು ಎಂಬ ಮಾತನ್ನು ಪೊಟ್ಟಣದ ಮೇಲೆ ಕೆಲವು ಷರತ್ತುಗಳೊಂದಿಗೆ ಮುದ್ರಿಸಲು ಅನುಮತಿ ಕೊಟ್ಟಿತು. 50 ಗ್ರಾಂ ಬೀಜದಲ್ಲಿ ಪರ್ಯಾಪ್ತ ಕೊಬ್ಬು 4 ಗ್ರಾಂ ಮೀರಬಾರದು ಎಂಬುದು ಆ ಷರತ್ತುಗಳಲ್ಲೊಂದು. ಬಾದಾಮಿ, ಅಕ್ರೋಟು, ಪಿಸ್ತಾ, ಹೇಝಲ್‌ನಟ್, ಪೀಕನ್, ಕಡಲೆಕಾಯಿ ಈ ಗೆರೆಯೊಳಗೆ ಬಂದವು. ಗೋಡಂಬಿ, ಮಕಡೇಮಿಯಾ, ಬ್ರೆಜಿಲ್ ನಟ್ ಹೊರಗುಳಿದವು. ಗೋಡಂಬಿ ಹೊರಗುಳಿದದ್ದು ಕೂದಲೆಳೆಯಲ್ಲಿ. ಹುರಿದ ಗೋಡಂಬಿಯಲ್ಲಿ 50 ಗ್ರಾಮಿಗೆ 4 ಗ್ರಾಂಗಿಂತ ಸ್ವಲ್ಪ ಹೆಚ್ಚು, ಹಸಿಯದರಲ್ಲಿ ಸ್ವಲ್ಪ ಕಡಿಮೆ. ಮೇಲಾಗಿ ಗೋಡಂಬಿಯ ಪರ್ಯಾಪ್ತ ಕೊಬ್ಬಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲ, ಅದು ಎಲ್‌ಡಿಎಲ್ ಅನ್ನು ಏರಿಸುವುದಿಲ್ಲ. ಮಕಡೇಮಿಯಾಕ್ಕೂ 2017ರಲ್ಲಿ ಪ್ರತ್ಯೇಕವಾಗಿ ಅಂಥದೇ ಅನುಮತಿ ದೊರೆಯಿತು. ಹೀಗಾಗಿ ಗೋಡಂಬಿಯನ್ನು ಹೃದಯದ ಶತ್ರು ಎಂದು ಕರೆಯುವುದಕ್ಕೆ ಆಧಾರವಿಲ್ಲ. ನಾರು ಕಡಿಮೆ, ಪಿಷ್ಟ ಹೆಚ್ಚು, ಆದ್ದರಿಂದ ಬಾದಾಮಿಯಷ್ಟು ಉಪಕಾರಿಯಲ್ಲ ಎನ್ನಬಹುದು, ಅಷ್ಟೇ.

ಅಕ್ರೋಟಿನ ಹೊಗಳಿಕೆಗೆ ಕಾರಣ ಆಲ್ಫಾ ಲಿನೋಲೆನಿಕ್ ಆಮ್ಲವೆಂಬ ಒಮೆಗಾ-3 ಕೊಬ್ಬು. 28 ಗ್ರಾಂ ಅಕ್ರೋಟಿನಲ್ಲಿ ಅದು ಸುಮಾರು 2.5 ಗ್ರಾಂ ಇದೆ. ವಯಸ್ಕ ಗಂಡಸರಿಗೆ ದಿನಕ್ಕೆ 1.6, ಹೆಂಗಸರಿಗೆ 1.1 ಗ್ರಾಂ ಸಾಕು ಎಂದು ಪರಿಗಣಿಸಲಾಗಿದೆ. ಸಾಮಾನ್ಯವಾಗಿ ತಿನ್ನುವ ಬೇರಾವ ಬೀಜವೂ ಇದರ ಹತ್ತಿರ ಬರುವುದಿಲ್ಲ, ಬಾದಾಮಿಯಲ್ಲಂತೂ ಇದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಮೀನಿನಲ್ಲಿರುವ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬುಗಳು ಬೇರೆ, ಇದು ಬೇರೆ. ದೇಹವು ಇದನ್ನು ಅವುಗಳಾಗಿ ಪರಿವರ್ತಿಸಿಕೊಳ್ಳುವುದು ತೀರಾ ಅಲ್ಪ ಪ್ರಮಾಣದಲ್ಲಿ. ಅಕ್ರೋಟು ತಿಂದರೆ ಮೀನೆಣ್ಣೆಯ ಕೆಲಸವಾಗುತ್ತದೆ ಎಂಬ ಪ್ರಚಾರವನ್ನು ಆ ಮಟ್ಟಿಗೆ ತೂಗಿ ನೋಡಬೇಕು.

ವಿಟಮಿನ್ ಇ ಬೇಕೆಂದರೆ ಬಾದಾಮಿಯ ಮುಂದೆ ಯಾವುದೂ ಇಲ್ಲ. 28 ಗ್ರಾಮಿನಲ್ಲಿ 7 ಮಿಲಿಗ್ರಾಂ, ಅಂದರೆ ವಯಸ್ಕರ ದಿನದ ಅಗತ್ಯದ ಹೆಚ್ಚುಕಡಿಮೆ ಅರ್ಧ. ಎರಡನೆಯ ಸ್ಥಾನ ಹೇಝಲ್‌ನಟ್‌ನದು. ಗೋಡಂಬಿಯ ಹಿರಿಮೆ ತಾಮ್ರ, ಸತು, ಕಬ್ಬಿಣ ಮತ್ತು ಮೆಗ್ನೀಷಿಯಂನಲ್ಲಿ. ಪಿಸ್ತಾದಲ್ಲಿ ಬಿ6 ಜೀವಸತ್ವ, ಪೊಟ್ಯಾಸಿಯಂ ಮತ್ತು ಕಣ್ಣಿನ ಅಕ್ಷಿಪಟಲಕ್ಕೆ ಬೇಕಾದ ಲ್ಯೂಟಿನ್ ಇವೆ. ಅದರ ಹಸಿರು ಬಣ್ಣದ ಜೊತೆಗೇ ಬರುವ ವರ್ಣದ್ರವ್ಯ ಅದು.

ಕಡಲೆಪ್ರಿಯ:

ಇಷ್ಟು ದೀರ್ಘ ಚರ್ಚೆಯಲ್ಲಿ ಕಡಲೆಕಾಯಿಯ ಪಾಲಿಗೆ ಒಂದೇ ಒಂದು ಹೆಸರು ಬಂದಿದೆ. ಪಟ್ಟಿಯನ್ನು ನೋಡಿ, ಪ್ರೋಟೀನಿನಲ್ಲಿ ಮೊದಲ ಸ್ಥಾನ ಯಾರದು? ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಅದು ಬೇಳೆಕಾಳುಗಳ ಕುಟುಂಬಕ್ಕೆ ಸೇರಿದ್ದು, ಮರದ ಬೀಜವಲ್ಲ ಎಂಬುದನ್ನೇ ಹಿಡಿದು ಅದನ್ನು ಪಂಕ್ತಿಯಿಂದ ಎಬ್ಬಿಸುವವರಿದ್ದಾರೆ. ಆದರೆ ಅದರ ಕೊಬ್ಬಿನ ಸ್ವರೂಪ ಬಾದಾಮಿ, ಗೋಡಂಬಿಗಳಿಗೆ ಹತ್ತಿರವೇ ಹೊರತು ತೊಗರಿ, ಹೆಸರಿಗೆ ಅಲ್ಲ. 100 ಗ್ರಾಮಿಗೆ ಸುಮಾರು 12 ಮಿಲಿಗ್ರಾಂ ನಯಾಸಿನ್, 240 ಮೈಕ್ರೋಗ್ರಾಂ ಫೋಲೇಟ್ ಇವೆ, ಎರಡೂ ಬಿ ಗುಂಪಿನ ಜೀವಸತ್ವಗಳು. ಫೋಲೇಟ್‌ನಲ್ಲಿ ಈ ಪಟ್ಟಿಯ ಯಾವ ಮರದ ಬೀಜವೂ ಅದನ್ನು ಮೀರಿಸದು. ದೀರ್ಘಕಾಲ ಜನರನ್ನು ಗಮನಿಸಿದ ಅಧ್ಯಯನಗಳಲ್ಲಿ ಕಡಲೆಕಾಯಿ ತಿನ್ನುವವರಲ್ಲಿಯೂ ಹೃದ್ರೋಗ ಕಡಿಮೆ ಎಂಬುದು ಕಂಡುಬಂದಿದೆ. ದುಬಾರಿ ಬೀಜಗಳಿಗೇ ಗುಣ ಹೆಚ್ಚು ಎಂಬ ನಂಬಿಕೆಯನ್ನು ಪೋಷಕಾಂಶಗಳು ಬೆಂಬಲಿಸುವುದಿಲ್ಲ.

ಅಳತೆಗೋಲು:

ಕಡಲೆಪ್ರಿಯ ಅವರ ಪಕ್ಷಪಾತ ಹೆಸರಿನಲ್ಲೇ ಇದೆಯಾದರೂ ಅವರ ಮಾತಿನಲ್ಲಿ ಹುರುಳಿದೆ. ಪ್ರೋಟೀನ್ ಬಗ್ಗೆ ಮಾತ್ರ ಒಂದು ತಿದ್ದುಪಡಿ. ಕಡಲೆಕಾಯಿಯೂ ಸೇರಿದಂತೆ ಬಹುತೇಕ ಎಲ್ಲ ನಟ್ಸ್‌ಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಅಕ್ಕಿ, ಗೋಧಿ, ಜೋಳಗಳಲ್ಲಿಯೂ ಕಡಿಮೆ ಇರುವುದು ಅದೇ. ಆದ್ದರಿಂದ ಧಾನ್ಯದ ಊಟಕ್ಕೆ ನಟ್ಸ್ ಸೇರಿಸಿದರೆ ಪ್ರೋಟೀನಿನ ಪ್ರಮಾಣ ಏರುತ್ತದೆ, ಗುಣಮಟ್ಟದ ಕೊರತೆ ಹಾಗೆಯೇ ಉಳಿಯುತ್ತದೆ. ಆ ಕೊರತೆಯನ್ನು ತುಂಬುವುದು ಬೇಳೆಕಾಳು, ಹಾಲು, ಮೊಟ್ಟೆ. 28 ಗ್ರಾಂ ಬಾದಾಮಿಯಲ್ಲಿ 6 ಗ್ರಾಂ ಪ್ರೋಟೀನ್ ಇದ್ದರೆ ಕೊಬ್ಬು 14 ಗ್ರಾಂ ಇದೆ. ಇವು ಪ್ರೋಟೀನ್ ಆಹಾರವಲ್ಲ, ಪ್ರೋಟೀನೂ ಇರುವ ಕೊಬ್ಬಿನ ಆಹಾರ.

ನಿಧಾನಿ:

ನಾನು ಇಲ್ಲಿ ಸ್ವಲ್ಪ ಬೇರೆ ದನಿ ಎತ್ತಬೇಕಾಗಿದೆ. ನಟ್ಸ್ ಹೃದಯಕ್ಕೆ ಒಳ್ಳೆಯದು ಎನ್ನುವ ಮಾತು ಎಷ್ಟು ಗಟ್ಟಿಯಾದ ನೆಲದ ಮೇಲೆ ನಿಂತಿದೆ? ಜನರನ್ನು ವರ್ಷಗಟ್ಟಲೆ ಗಮನಿಸಿ ಬರೆದ ಅಧ್ಯಯನಗಳಲ್ಲಿ, ನಟ್ಸ್ ತಿನ್ನುವವರು ಬೇರೆ ವಿಷಯಗಳಲ್ಲಿಯೂ ಆರೋಗ್ಯದ ಕಾಳಜಿ ಹೆಚ್ಚಿರುವವರಾಗಿರಬಹುದು, ಕಡಿಮೆ ಧೂಮಪಾನ ಮಾಡುವವರಾಗಿರಬಹುದು, ಅನುಕೂಲಸ್ಥರಾಗಿರಬಹುದು. ಲೆಕ್ಕದಲ್ಲಿ ಎಷ್ಟೇ ಸರಿದೂಗಿಸಿದರೂ ಇದು ಪೂರ್ತಿ ತೊಳೆದುಹೋಗುವುದಿಲ್ಲ.

ಪ್ರಯೋಗವೆಂದರೆ ಎಲ್ಲರೂ ಬೊಟ್ಟುಮಾಡುವುದು ಸ್ಪೇನಿನ ಪ್ರೆಡಿಮೆಡ್ ಕಡೆಗೆ. 2013ರಲ್ಲಿ ಪ್ರಕಟವಾದ ಅದರಲ್ಲಿ 7447 ಮಂದಿ ಇದ್ದರು. ಒಂದು ಗುಂಪಿಗೆ ದಿನಕ್ಕೆ 30 ಗ್ರಾಂ ನಟ್ಸ್ ಕೊಡಲಾಯಿತು, ಅದರಲ್ಲಿ 15 ಗ್ರಾಂ ಅಕ್ರೋಟು, ಉಳಿದದ್ದು ಬಾದಾಮಿ ಮತ್ತು ಹೇಝಲ್‌ನಟ್ ಸಮಪಾಲು. ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳು ಹೋಲಿಕೆಯ ಗುಂಪಿಗಿಂತ ಸುಮಾರು 30 ಶೇಕಡ ಕಡಿಮೆ ಎಂದು ವರದಿಯಾಯಿತು. ಆದರೆ ಕೆಲವು ಕೇಂದ್ರಗಳಲ್ಲಿ ಜನರನ್ನು ಗುಂಪುಗಳಿಗೆ ಹಂಚುವಾಗ ಚೀಟಿ ಎತ್ತಿದಂತೆ ಹಂಚದೆ ಒಂದೇ ಮನೆಯವರನ್ನು ಒಂದೇ ಗುಂಪಿಗೆ ಹಾಕಿದ್ದು ಬೆಳಕಿಗೆ ಬಂದು, 2018ರಲ್ಲಿ ಲೇಖಕರು ಆ ಪ್ರಬಂಧವನ್ನು ಹಿಂತೆಗೆದುಕೊಂಡು ಹೊಸ ವಿಶ್ಲೇಷಣೆಯೊಂದಿಗೆ ಮತ್ತೆ ಪ್ರಕಟಿಸಿದರು. ಇದರ ಜೊತೆಗೆ, ನಟ್ಸ್ ಕುರಿತ ಎಷ್ಟೋ ಪ್ರಯೋಗಗಳಿಗೆ ಬೆಳೆಗಾರರ ಮಂಡಳಿಗಳೇ ಹಣ ಕೊಟ್ಟಿವೆ. ಮೇಲೆ ಹೇಳಿದ ಬಾದಾಮಿಯ ಕ್ಯಾಲೊರಿ ಪ್ರಯೋಗಕ್ಕೂ ಕ್ಯಾಲಿಫೋರ್ನಿಯಾದ ಬಾದಾಮಿ ಮಂಡಳಿಯ ನೆರವಿತ್ತು.

ಪಥ್ಯಾಪಥ್ಯ:

ನಿಧಾನಿ ಅವರ ಎಚ್ಚರಿಕೆ ಅಗತ್ಯವಾದದ್ದೇ. ಮರುವಿಶ್ಲೇಷಣೆಯಲ್ಲಿಯೂ ನಟ್ಸ್ ಗುಂಪಿನ ಲಾಭ ಹೆಚ್ಚುಕಡಿಮೆ ಹಿಂದಿನಷ್ಟೇ ಉಳಿಯಿತು ಎಂಬುದನ್ನೂ ಅವರು ಸೇರಿಸಬೇಕಾಗಿತ್ತು. ಮೇಲಾಗಿ ಸಂಜೆಮಲ್ಲಿಗೆ ಅವರ ಪ್ರಶ್ನೆ ಇರುವುದು ಎಲ್‌ಡಿಎಲ್ ಬಗ್ಗೆ. ಅದನ್ನು ವಾರಗಳ ಪ್ರಯೋಗದಲ್ಲಿ ರಕ್ತ ಪರೀಕ್ಷೆ ಮಾಡಿಯೇ ತಿಳಿಯಬಹುದು, ಯಾರ ಜೀವನಶೈಲಿ ಹೇಗಿತ್ತೆಂದು ಊಹಿಸಬೇಕಾಗಿಲ್ಲ. ಅಂತಹ 25 ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಎಲ್‌ಡಿಎಲ್ ಸರಾಸರಿ 7.4 ಶೇಕಡ ಇಳಿದಿತ್ತು. ಯಾವ ಬೀಜ ಎಂಬುದರಿಂದ ಹೇಳಿಕೊಳ್ಳುವಂತಹ ವ್ಯತ್ಯಾಸವಾಗಲಿಲ್ಲ. ಎಲ್‌ಡಿಎಲ್ ಮೊದಲೇ ಹೆಚ್ಚಿದ್ದವರಲ್ಲಿ ಇಳಿಕೆಯೂ ಹೆಚ್ಚಿತ್ತು.

ಆದರೆ ಆ ಪ್ರಯೋಗಗಳಲ್ಲಿ ಜನರು ತಿಂದದ್ದು ದಿನಕ್ಕೆ ಸರಾಸರಿ 67 ಗ್ರಾಂ, ಒಂದು ಹಿಡಿಯ ಎರಡು ಪಟ್ಟಿಗಿಂತ ಹೆಚ್ಚು. ಒಂದು ಹಿಡಿ ತಿಂದು ಅಷ್ಟೇ ಇಳಿಕೆಯನ್ನು ನಿರೀಕ್ಷಿಸಬಾರದು, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಇದರ ಭರವಸೆಯ ಮೇಲೆ ನಿಲ್ಲಿಸಲೂಬಾರದು. ನಟ್ಸ್ ಯಾವುದರ ಬದಲಿಗೆ ತಟ್ಟೆಗೆ ಬಂದಿತು ಎಂಬುದೂ ಅಷ್ಟೇ ಮುಖ್ಯ. ಕರಿದ ತಿಂಡಿ, ಬಿಸ್ಕತ್ತುಗಳ ಜಾಗದಲ್ಲಿ ಬಂದರೆ ಲಾಭ. ಅವುಗಳ ಮೇಲೆ ಹೆಚ್ಚುವರಿಯಾಗಿ ಬಂದರೆ ತೂಕ ಏರಬಹುದು.

ಸಂಜೆಮಲ್ಲಿಗೆ:

ಎಲ್ಲರಿಗೂ ಧನ್ಯವಾದಗಳು. ಇನ್ನೆರಡು ಪ್ರಶ್ನೆಗಳಿವೆ. ಬ್ರೆಜಿಲ್ ನಟ್‌ನಲ್ಲಿ ಸೆಲೆನಿಯಂ ಬಹಳ ಇದೆಯಂತೆ, ಅದನ್ನು ಸೇರಿಸಿಕೊಳ್ಳಬಹುದೇ? ಹಾಗೆಯೇ ಬೀಜಗಳನ್ನು ರಾತ್ರಿ ನೆನೆಸಿಟ್ಟು ತಿಂದರೆ ಮಾತ್ರ ಪೋಷಕಾಂಶ ಮೈಗೆ ಹತ್ತುತ್ತದೆ ಎಂದು ಓದಿದೆ. ಅದು ನಿಜವೇ?

ಅಳತೆಗೋಲು:

ಬ್ರೆಜಿಲ್ ನಟ್ ಅನ್ನು ಹಿಡಿಯ ಲೆಕ್ಕದಲ್ಲಿ ತಿನ್ನಲೇಬೇಡಿ. ಈ ಚರ್ಚೆಯಲ್ಲಿ ನಾನು ಖಡಾಖಂಡಿತವಾಗಿ ಬೇಡ ಎನ್ನುವುದು ಇದೊಂದಕ್ಕೆ. ವಯಸ್ಕರಿಗೆ ದಿನಕ್ಕೆ ಬೇಕಾದ ಸೆಲೆನಿಯಂ 55 ಮೈಕ್ರೋಗ್ರಾಂ. ಅಮೆರಿಕದ ಕೋಷ್ಟಕದ ಪ್ರಕಾರ 100 ಗ್ರಾಂ ಬ್ರೆಜಿಲ್ ನಟ್‌ನಲ್ಲಿ ಇರುವುದು ಸುಮಾರು 1900 ಮೈಕ್ರೋಗ್ರಾಂ. 5 ಗ್ರಾಂ ತೂಗುವ ಒಂದೇ ಬೀಜದಲ್ಲಿ ದಿನದ ಅಗತ್ಯ ಮುಗಿದು ಇನ್ನೂ ಮಿಗುತ್ತದೆ. ಆರು ಬೀಜಗಳಿಗೆ 500 ಮೈಕ್ರೋಗ್ರಾಂ ದಾಟುತ್ತದೆ. ಅಮೆರಿಕದಲ್ಲಿ ಸುರಕ್ಷಿತವೆಂದು ನಿಗದಿಯಾಗಿರುವ ಗರಿಷ್ಠ ಮಿತಿ 400. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ತನ್ನ ಮಿತಿಯನ್ನು 255ಕ್ಕೆ ಇಳಿಸಿತು. ಮಿತಿ ಮೀರಿ ಬಹುಕಾಲ ತಿಂದರೆ ಕೂದಲು ಉದುರುತ್ತದೆ, ಉಗುರು ಪೆಡಸಾಗಿ ಮುರಿಯುತ್ತದೆ, ಉಸಿರಿಗೆ ಬೆಳ್ಳುಳ್ಳಿಯ ವಾಸನೆ ಬರುತ್ತದೆ. ಇಷ್ಟಾಗಿಯೂ ಸಂಖ್ಯೆಯನ್ನು ಪೂರ್ತಿ ನಂಬುವಂತಿಲ್ಲ, ಏಕೆಂದರೆ ಆ ಮರ ಸೆಲೆನಿಯಂ ಅನ್ನು ಮಣ್ಣಿನಿಂದ ಹೀರಿಕೊಳ್ಳುತ್ತದೆ, ಮಣ್ಣಿನಿಂದ ಮಣ್ಣಿಗೆ ಅದು ಹತ್ತಾರು ಪಟ್ಟು ಬದಲಾಗುತ್ತದೆ. ಕೋಷ್ಟಕದ ಸರಾಸರಿ ಎಂಬುದು ನಿಮ್ಮ ಕೈಯಲ್ಲಿರುವ ಬೀಜದ ಬಗ್ಗೆ ಏನನ್ನೂ ಹೇಳದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ತಿನ್ನುವುದಾದರೆ ದಿನಕ್ಕೆ ಒಂದು, ಅದೂ ಪ್ರತಿದಿನ ಬೇಕಿಲ್ಲ.

ನೆನೆಸುವ ವಿಷಯ. ಬೀಜಗಳಲ್ಲಿ ಫೈಟಿಕ್ ಆಮ್ಲವಿದೆ, ಅದು ಕಬ್ಬಿಣ, ಸತು, ಕ್ಯಾಲ್ಸಿಯಂಗಳನ್ನು ಹಿಡಿದಿಟ್ಟು ಕರುಳು ಹೀರಿಕೊಳ್ಳದಂತೆ ಮಾಡುತ್ತದೆ ಎಂಬುದು ನಿಜ. ಬಾದಾಮಿಯಲ್ಲಿ 100 ಗ್ರಾಮಿಗೆ 269 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ದೇಹ ಹೀರಿಕೊಳ್ಳುವುದು ಅದರ ಐದನೇ ಒಂದು ಭಾಗದಷ್ಟು. ಹಾಲಿನ ಕ್ಯಾಲ್ಸಿಯಂನಲ್ಲಿ ಮೂರನೇ ಒಂದು ಭಾಗದಷ್ಟು ದೊರೆಯುತ್ತದೆ. ಆದರೆ ನೆನೆಸಿದ ಮಾತ್ರಕ್ಕೆ ಇದು ಬದಲಾಗುತ್ತದೆ ಎಂಬುದನ್ನು ಪ್ರಯೋಗಾಲಯದ ಅಳತೆಗಳು ಒಪ್ಪುವುದಿಲ್ಲ. ನೆನೆಸಿದ ಬೀಜಗಳಲ್ಲಿ ಫೈಟಿಕ್ ಆಮ್ಲ ಇಳಿದದ್ದು ಅತ್ಯಲ್ಪ, ಚೂರು ಮಾಡಿ ನೆನೆಸಿದಾಗ ಒಂದಿಷ್ಟು ಖನಿಜವೂ ನೀರಿನೊಂದಿಗೆ ಹೋಯಿತು. ಮೆತ್ತಗಾಗುತ್ತದೆ, ಅಗಿಯಲು ಸುಲಭ ಎಂದು ನೆನೆಸುವುದಾದರೆ ಧಾರಾಳವಾಗಿ ನೆನೆಸಿ. ಸಿಪ್ಪೆಯನ್ನು ಮಾತ್ರ ಸುಲಿದು ಎಸೆಯಬೇಡಿ. ಬಾದಾಮಿ ಮತ್ತು ಅಕ್ರೋಟುಗಳಲ್ಲಿ ಪಾಲಿಫಿನಾಲ್‌ಗಳೆಂಬ ಉತ್ಕರ್ಷಣ ನಿರೋಧಕ ಸಸ್ಯಾಂಶಗಳ ಬಹುಪಾಲು ಇರುವುದು ಆ ತೆಳು ಸಿಪ್ಪೆಯಲ್ಲಿಯೇ. ಅಕ್ರೋಟಿನ ಒಗರು ಅದರದೇ.

ಹಸಿರೆಲೆ:

ಮೂತ್ರಪಿಂಡದ ಕಲ್ಲಿನ ಮಾತನ್ನು ಯಾರೂ ಎತ್ತಿಕೊಳ್ಳಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಸಂಜೆಮಲ್ಲಿಗೆ ಅವರೇ, ನಿಮ್ಮ ಅತ್ತೆಯವರ ಕಲ್ಲು ಯಾವ ಬಗೆಯದೆಂದು ಮೊದಲು ವೈದ್ಯರಿಂದ ತಿಳಿದುಕೊಳ್ಳಿ. ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವುದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು. ಅದಾಗಿದ್ದರೆ ಈ ಚರ್ಚೆಯಲ್ಲಿ ಅತಿ ಹೆಚ್ಚು ಹೊಗಳಿಸಿಕೊಂಡ ಬಾದಾಮಿಯೇ ಅವರಿಗೆ ಒಗ್ಗದ ಬೀಜ. ಆಕ್ಸಲೇಟ್ ಅದರಲ್ಲಿ ಬಹಳ ಹೆಚ್ಚು, ಗೋಡಂಬಿಯಲ್ಲಿಯೂ ಹೆಚ್ಚು. ಪಿಸ್ತಾ, ಅಕ್ರೋಟು, ಪೀಕನ್, ಮಕಡೇಮಿಯಾಗಳಲ್ಲಿ ಇವುಗಳಿಗಿಂತ ಸಾಕಷ್ಟು ಕಡಿಮೆ. ಆಕ್ಸಲೇಟ್ ಇರುವುದನ್ನು ಮೊಸರಿನಂತಹ ಕ್ಯಾಲ್ಸಿಯಂ ಇರುವ ಆಹಾರದೊಂದಿಗೆ ತಿಂದರೆ ಎರಡೂ ಕರುಳಿನಲ್ಲಿಯೇ ಕೂಡಿಕೊಂಡು ಹೊರಗೆ ಹೋಗುತ್ತವೆ, ಮೂತ್ರಕ್ಕೆ ಬರುವ ಪಾಲು ಕಡಿಮೆಯಾಗುತ್ತದೆ. ಕಲ್ಲಾಗುತ್ತದೆಂದು ಹೆದರಿ ಕ್ಯಾಲ್ಸಿಯಂ ಬಿಡುವುದು ತಲೆಕೆಳಗಾದ ಪಥ್ಯ.

ಕಲ್ಲು ಬೇರೆ, ಮೂತ್ರಪಿಂಡದ ಕಾರ್ಯವೇ ಕುಂದಿರುವುದು ಬೇರೆ. ಎರಡನೆಯವರಿಗೆ ಪೊಟ್ಯಾಸಿಯಂ ಮತ್ತು ರಂಜಕದ ಮಿತಿ ಇರುತ್ತದೆ. ಪಿಸ್ತಾದಲ್ಲಿ 100 ಗ್ರಾಮಿಗೆ 1000 ಮಿಲಿಗ್ರಾಮಿಗೂ ಹೆಚ್ಚು ಪೊಟ್ಯಾಸಿಯಂ ಇದೆ. ಅಂಥವರು ವೈದ್ಯರನ್ನು ಕೇಳದೆ ಯಾವ ಬೀಜವನ್ನೂ ಆರಂಭಿಸಬಾರದು.

ತೂಕದಕಲ್ಲು:

ಮಗುವಿನ ಬಗ್ಗೆ ನಾಲ್ಕು ಮಾತು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬಾರದು. ಅವರು ಸರಿಯಾಗಿ ಅಗಿಯುವುದಿಲ್ಲ, ಶ್ವಾಸನಾಳದಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ನುಣ್ಣಗೆ ಪುಡಿ ಮಾಡಿ ಗಂಜಿಯಲ್ಲಿ ಬೆರೆಸಿ, ಇಲ್ಲವೇ ಅರೆದ ಬೆಣ್ಣೆಯನ್ನು ತೆಳುವಾಗಿ ಸವರಿ ಕೊಡಿ. ಗಟ್ಟಿ ಬೆಣ್ಣೆಯನ್ನು ಚಮಚಗಟ್ಟಲೆ ಬಾಯಿಗಿಟ್ಟರೆ ಅದೂ ಗಂಟಲಲ್ಲಿ ಅಂಟಿಕೊಳ್ಳುತ್ತದೆ. ಕ್ಯಾಲೊರಿ ಪೂರ್ತಿ ದೊರೆಯುತ್ತದೆಂದು ದೊಡ್ಡವರಿಗೆ ಹೇಳಿದ ಆಕ್ಷೇಪ ಬೆಳೆಯುವ ಮಗುವಿಗೆ ಅನುಕೂಲವೇ.

ಅಲರ್ಜಿಯ ಭಯದಿಂದ ಕಡಲೆಕಾಯಿಯನ್ನು ತಡವಾಗಿ ಕೊಡಬೇಕೆಂದು ಹಿಂದೆ ಸಲಹೆ ನೀಡುತ್ತಿದ್ದರು. 2015ರಲ್ಲಿ ಪ್ರಕಟವಾದ ಲೀಪ್ ಎಂಬ ಪ್ರಯೋಗ ಅದನ್ನು ತಿರುವುಮುರುವು ಮಾಡಿತು. ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳಲ್ಲಿ, ನಾಲ್ಕರಿಂದ ಹನ್ನೊಂದನೆಯ ತಿಂಗಳಲ್ಲಿ ಸೇರಿಸಿಕೊಂಡು ಐದು ವರ್ಷದವರೆಗೆ ಕಡಲೆಕಾಯಿ ಇರುವ ಆಹಾರ ಕೊಟ್ಟವರಲ್ಲಿ, ಕೊಡದವರಿಗಿಂತ ಅಲರ್ಜಿ ಸುಮಾರು 80 ಶೇಕಡ ಕಡಿಮೆಯಾಗಿತ್ತು. ನಿಮ್ಮ ಮಗು ಇದುವರೆಗೆ ತಿಂದಿರದಿದ್ದರೆ ಒಂದೊಂದನ್ನೇ, ಸ್ವಲ್ಪವೇ ಕೊಟ್ಟು ನೋಡಿ. ಇಸಬು ಅಥವಾ ಬೇರೆ ಅಲರ್ಜಿ ಇದ್ದರೆ ವೈದ್ಯರನ್ನು ಕೇಳಿಯೇ ಕೊಡಿ. ಗೋಡಂಬಿಗೆ ಅಲರ್ಜಿ ಇರುವವರಿಗೆ ಸಾಮಾನ್ಯವಾಗಿ ಪಿಸ್ತಾ ಕೂಡ ಆಗುವುದಿಲ್ಲ, ಅಕ್ರೋಟು ಆಗದವರಿಗೆ ಪೀಕನ್ ಆಗುವುದಿಲ್ಲ. ಅವು ಹತ್ತಿರದ ಬಂಧುಗಳು.

ಇನ್ನು ಕೋಷ್ಟಕದಲ್ಲಿ ಎಲ್ಲಿಯೂ ಕಾಣದ ಒಂದು ಗುಣ: ಹಳತಾಗುವಿಕೆ. ಅಕ್ರೋಟನ್ನು ಹೃದಯಕ್ಕೆ ಒಳ್ಳೆಯದಾಗಿಸಿದ ಬಹು ಅಪರ್ಯಾಪ್ತ ಕೊಬ್ಬು, ಅಂದರೆ ಪಾಲಿಅನ್‌ಸ್ಯಾಚುರೇಟೆಡ್ ಫ್ಯಾಟ್, 100 ಗ್ರಾಮಿಗೆ 47 ಗ್ರಾಂ ಇದೆ, ಗಾಳಿ ಬೆಳಕಿಗೆ ಬೇಗ ಕೆಡುವುದೂ ಅದೇ. ಮಕಡೇಮಿಯಾದಲ್ಲಿ ಅದು 2 ಗ್ರಾಂ ಕೂಡ ಇಲ್ಲ, ಆದ್ದರಿಂದ ಅದು ತಡೆದುಕೊಳ್ಳುತ್ತದೆ. ಅಕ್ರೋಟಿನ ಒಂದು ಹೋಳನ್ನು ಮುರಿದು ಮೂಸಿ ನೋಡಿ. ಒಳಗಿನ ತಿರುಳು ಕೆನೆಬಣ್ಣಕ್ಕಿದ್ದು ಸಿಹಿ ವಾಸನೆ ಬಂದರೆ ಸರಿ, ಹಳದಿಗಟ್ಟಿ ಹಳೆಯ ಬಣ್ಣದ ಡಬ್ಬಿಯ ಹಾಗೆ ಕಮಟು ವಾಸನೆ ಬಂದರೆ ಬಿಸಾಡಿ. ಒಗರು ಸಿಪ್ಪೆಯದು, ಕಹಿ ಕೆಟ್ಟದ್ದರದು. ಬಿಗಿಯಾದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ.

ಬೂಸ್ಟು ಹಿಡಿದದ್ದು, ಮುರುಟಿದ್ದು, ಬಣ್ಣಗೆಟ್ಟದ್ದು ಬಾಯಿಗೆ ಹೋಗಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿದ್ದ ಶಿಲೀಂಧ್ರದ ವಿಷವನ್ನು ಹುಡುಕುತ್ತ ಹೋದಾಗ ಅಫ್ಲಾಟಾಕ್ಸಿನ್ ಪತ್ತೆಯಾಯಿತು. ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂದು ಈಗ ಖಚಿತವಾಗಿದೆ, ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ಕಡಲೆಕಾಯಿಗಷ್ಟೇ ಅಲ್ಲ, ಪಿಸ್ತಾ, ಬ್ರೆಜಿಲ್ ನಟ್‌ಗಳಿಗೂ ಈ ಕಾಟವಿದೆ. ಬಾಯಲ್ಲಿ ಮುಗ್ಗಲು ರುಚಿ ತಿಳಿದ ಕೂಡಲೇ ಉಗಿದುಬಿಡಬೇಕು, ಸಂಕೋಚ ಬೇಡ.

ಕಡಲೆಪ್ರಿಯ:

ಅಫ್ಲಾಟಾಕ್ಸಿನ್ ವಿಷಯವನ್ನು ಅಲ್ಲಗಳೆಯುವುದಿಲ್ಲ. ಆರಿಸಿ, ಒಣಗಿಸಿ, ಗಾಳಿಯಾಡದಂತೆ ಇಟ್ಟರೆ ಕಡಲೆಕಾಯಿಯನ್ನು ನಿಶ್ಚಿಂತೆಯಿಂದ ತಿನ್ನಬಹುದು. ಉಪ್ಪು ಹಚ್ಚಿದ್ದನ್ನು ಮಾತ್ರ ನಾನೂ ಬೇಡವೆನ್ನುತ್ತೇನೆ. ಹಸಿ ಬೀಜಗಳಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ರಕ್ತದೊತ್ತಡಕ್ಕೆ ಅನುಕೂಲವಾದ ಆ ಗುಣವನ್ನು ಉಪ್ಪು ಅಳಿಸಿಹಾಕುತ್ತದೆ, ಜೊತೆಗೆ ಕೈ ಡಬ್ಬಿಯಿಂದ ಹೊರಗೆ ಬರುವುದಿಲ್ಲ.

ಸಂಜೆಮಲ್ಲಿಗೆ:

ಒಂದೇ ಬೀಜ ಎಲ್ಲರಿಗೂ ಎಂಬ ಆಲೋಚನೆಯನ್ನು ಬಿಟ್ಟೆ. ಯಜಮಾನರಿಗೆ ಬಾದಾಮಿ ಮತ್ತು ಅಕ್ರೋಟು, ಸಂಜೆಯ ಕರಿದ ತಿಂಡಿಯ ಬದಲಿಗೆ. ಅತ್ತೆಯವರಿಗೆ ವೈದ್ಯರು ಒಪ್ಪಿದರೆ ಪಿಸ್ತಾ ಮತ್ತು ಅಕ್ರೋಟು. ಮಗುವಿಗೆ ಕಡಲೆಕಾಯಿಯ ಪುಡಿ. ಕೊನೆಯದಾಗಿ, ಹಿಡಿ ಎಂದರೆ ಯಾರ ಹಿಡಿ? ನನ್ನ ಅಂಗೈಯಲ್ಲಿ ಹಿಡಿಸುವುದಕ್ಕೂ ಯಜಮಾನರ ಅಂಗೈಯಲ್ಲಿ ಹಿಡಿಸುವುದಕ್ಕೂ ಬಹಳ ವ್ಯತ್ಯಾಸವಿದೆ.

ಅಳತೆಗೋಲು:

28 ಗ್ರಾಂ ಎಂದರೆ ಬಾದಾಮಿ ಸುಮಾರು 23, ಗೋಡಂಬಿ 18, ಪಿಸ್ತಾ 49, ಹೇಝಲ್‌ನಟ್ 21, ಅಕ್ರೋಟಿನ ಅರ್ಧ ಹೋಳುಗಳು 14. ಬೀಜಗಳ ಗಾತ್ರ ಬೇರೆ ಬೇರೆ ಇರುವುದರಿಂದ ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ, ಅದು ಯಾವ ಬಟ್ಟಲಿನಲ್ಲಿ ಎಲ್ಲಿಯವರೆಗೆ ಬರುತ್ತದೆಂದು ನೋಡಿಟ್ಟುಕೊಳ್ಳಿ. ಪಿಸ್ತಾವನ್ನು ಚಿಪ್ಪಿನ ಸಮೇತ ತಂದರೆ ಇನ್ನೂ ಒಳ್ಳೆಯದು. ಒಂದೊಂದನ್ನೇ ಬಿಡಿಸುವಷ್ಟರಲ್ಲಿ ತಿನ್ನುವ ವೇಗ ತಾನಾಗಿ ಇಳಿಯುತ್ತದೆ, ತಿಂದದ್ದೆಷ್ಟೆಂದು ಮುಂದಿರುವ ಚಿಪ್ಪಿನ ರಾಶಿಯೇ ಹೇಳುತ್ತದೆ.